ವಾಪಸ್ ಬಂದವರೆಲ್ಲ ಸೋತವರಾ?

ಕಾಲೇಜಿನ ಕ್ವಿಜ್‌ಗಳಲ್ಲಿ ಪಂಕಜ್ ಅಡ್ವಾಣಿ ಹೆಸರು ಬಂತೆಂದರೆ ಉತ್ತರ ಯಾವತ್ತೂ ಒಂದು ಸಂಖ್ಯೆಯೇ. ‘ಎಷ್ಟು ಸಲ ವಿಶ್ವ ಚಾಂಪಿಯನ್?’ ಎಂದು ಕೇಳುತ್ತಾರೆ. 2024ರ ನವೆಂಬರ್‌ನಲ್ಲಿ ದೋಹಾದಲ್ಲಿ ಗೆದ್ದದ್ದನ್ನೂ ಸೇರಿಸಿ ‘28’ ಎಂದವರಿಗೆ ಹತ್ತು ಅಂಕ. ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ನನಗೆ ಮಾತ್ರ ಅವರ ಬಗ್ಗೆ ಬೇರೊಂದು ಪ್ರಶ್ನೆ ಕೇಳಬೇಕು ಅನ್ನಿಸುತ್ತದೆ. 2012ರಲ್ಲಿ ಪ್ರೊಫೆಷನಲ್ ಸ್ನೂಕರ್ ಟೂರ್ ಸೇರಿದ ಈ ಬೆಂಗಳೂರಿನ ಆಟಗಾರ, ಎರಡೇ ಸೀಸನ್ ಆಡಿ, 2014ರಲ್ಲಿ ತಾವಾಗಿಯೇ ಅದನ್ನು ಬಿಟ್ಟು ಮನೆಗೆ ಬಂದರು. ಯಾಕೆ?

ಈ ಪ್ರಶ್ನೆಗೆ ಬಜರ್ ಒತ್ತುವವರು ಕಡಿಮೆ. ಎಷ್ಟೋ ಜನರಿಗೆ ಅವರು ಟೂರ್‌ನಲ್ಲಿ ಇದ್ದದ್ದೇ ಗೊತ್ತಿಲ್ಲ. ಗೊತ್ತಿದ್ದವರಲ್ಲಿ ಅರ್ಧ ಜನ ‘ಅಲ್ಲಿ ನಡೀಲಿಲ್ಲ, ಬಂದ್ರು’ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಉಳಿದರ್ಧ ಜನ ಆ ಎರಡು ವರ್ಷವನ್ನು 28ರ ಕೆಳಗೆ ಮುಚ್ಚಿಡುತ್ತಾರೆ. ಅವರ ಇಡೀ ಬದುಕಿನಲ್ಲಿ ನನ್ನಂಥ ಇಪ್ಪತ್ತರ ಹುಡುಗನಿಗೆ ಹೆಚ್ಚು ಕೆಲಸಕ್ಕೆ ಬರುವುದು ಆ ಎರಡು ವರ್ಷ ಮತ್ತು ಅದರ ಕೊನೆಯಲ್ಲಿ ಅವರು ಮಾಡಿದ ತೀರ್ಮಾನ ಎಂಬುದು ನನ್ನ ಅಭಿಪ್ರಾಯ.

ಮೊದಲು ಆಟದ ಬಗ್ಗೆ ನಾಲ್ಕು ಮಾತು. ನಮ್ಮ ಮಂಡಗದ್ದೆಯಲ್ಲಿ ಸ್ನೂಕರ್ ಟೇಬಲ್ ಇಲ್ಲ. ತುಂಗಾ ನದಿ ನಡುವಿನ ಹಕ್ಕಿ ನಡುಗಡ್ಡೆ ಇದೆ, ಶಿವಮೊಗ್ಗ–ತೀರ್ಥಹಳ್ಳಿ ಬಸ್ಸು ನಿಲ್ಲುವ ಜಾಗ ಇದೆ, ಗಣಪತಿ ಹಬ್ಬಕ್ಕೆ ಕ್ಯಾರಂ ಟೂರ್ನಿ ಇದೆ. ಹಾಗಾಗಿ ಕ್ಯಾರಂ ಭಾಷೆಯಲ್ಲೇ ಹೇಳುತ್ತೇನೆ. ಕ್ಯಾರಂನಲ್ಲಿ ಕೆಂಪು ಕಾಯಿ ಹಾಕಿದ ಮೇಲೆ ಇನ್ನೊಂದು ಕಾಯಿ ಹಾಕಿ ‘ಕವರ್’ ಮಾಡಬೇಕಲ್ಲ, ಸ್ನೂಕರ್ ಪೂರ್ತಿ ಆ ಥರದ ಜೋಡಿ ಲೆಕ್ಕದಲ್ಲೇ ಓಡುತ್ತದೆ. ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲದ ಟೇಬಲ್. ಒಂದು ಅಂಕದ ಕೆಂಪು ಚೆಂಡು ಹದಿನೈದು. ಎರಡರಿಂದ ಏಳು ಅಂಕದವರೆಗೆ ಹಳದಿ, ಹಸಿರು, ಕಂದು, ನೀಲಿ, ಗುಲಾಬಿ, ಕಪ್ಪು ಒಂದೊಂದು. ಹೊಡೆಯುವುದಕ್ಕೆ ಬಿಳಿ ಚೆಂಡು. ಒಂದು ಕೆಂಪು ಹಾಕಿದರೆ ಮುಂದಿನದು ಬಣ್ಣದ ಚೆಂಡು, ಆಮೇಲೆ ಮತ್ತೆ ಕೆಂಪು. ಕೆಂಪು ಇರುವವರೆಗೆ ಬಣ್ಣದ್ದು ಮತ್ತೆ ಮೇಲೆ ಬಂದು ಕೂರುತ್ತದೆ. ಕೆಂಪು ಖಾಲಿಯಾದ ಮೇಲೆ ಬಣ್ಣಗಳನ್ನು ಅಂಕದ ಕ್ರಮದಲ್ಲಿ ಹಾಕಬೇಕು. ಪ್ರತಿ ಕೆಂಪಿಗೂ ಕಪ್ಪನ್ನೇ ಜೋಡಿ ಮಾಡಿದರೆ ನೂರಿಪ್ಪತ್ತು, ಕೊನೆಯ ಆರು ಬಣ್ಣಕ್ಕೆ ಇಪ್ಪತ್ತೇಳು. ಒಟ್ಟು 147. ಎದುರಾಳಿ ತಪ್ಪು ಮಾಡದಿದ್ದರೆ ಅದೇ ಗರಿಷ್ಠ.

ಬಿಲಿಯರ್ಡ್ಸ್ ಅದೇ ಟೇಬಲ್ಲಿನ ಅಣ್ಣ. ಅಲ್ಲಿ ಚೆಂಡು ಮೂರೇ. ಬಿಳಿ, ಹಳದಿ, ಕೆಂಪು. ನಿಮ್ಮ ಚೆಂಡು ಉಳಿದೆರಡನ್ನೂ ತಾಗಿದರೆ ಎರಡು ಅಂಕ. ಬೇರೆ ಚೆಂಡನ್ನು ಪಾಕೆಟ್‌ಗೆ ಹಾಕಿದರೂ ಅಂಕ, ಅದಕ್ಕೆ ತಾಗಿ ನಿಮ್ಮ ಚೆಂಡೇ ಒಳಗೆ ಹೋದರೂ ಅಂಕ. ನೋಡುವವರಿಗೆ ಬೋರ್ ಹೊಡೆಸುವಷ್ಟು ಹೊತ್ತು ಒಬ್ಬರೇ ಆಡುತ್ತಿರಬಹುದು. ಆಡುವವರಿಗೆ ಅದು ಧ್ಯಾನ. ನಾನು ಮೆಕ್ಯಾನಿಕಲ್ ಓದುವವನು. ಶಿವಮೊಗ್ಗದಲ್ಲಿ ಕಾಲೇಜು ಹತ್ತಿರದ ಪಾರ್ಲರ್‌ನಲ್ಲಿ ಕ್ಯೂ ಹಿಡಿದ ಮೊದಲ ವಾರ ಗೊತ್ತಾದದ್ದು ಇಷ್ಟು. ಡೈನಾಮಿಕ್ಸ್ ಪರೀಕ್ಷೆಯಲ್ಲಿ ಘರ್ಷಣೆಯನ್ನು ‘ನೆಗ್ಲೆಕ್ಟ್’ ಮಾಡಬಹುದು, ಆ ಹಸಿರು ಬಟ್ಟೆ ಮೇಲೆ ಮಾಡಲಿಕ್ಕಾಗುವುದಿಲ್ಲ. ಚೆಂಡಿನ ನಡುವಿಗೆ ಹೊಡೆದೆವೋ, ಕೂದಲೆಳೆಯಷ್ಟು ಕೆಳಗೆ ಹೊಡೆದೆವೋ ಎನ್ನುವುದರ ಮೇಲೆ ಅದು ಮುಂದೆ ಹೋಗುತ್ತದೋ, ನಿಲ್ಲುತ್ತದೋ, ಸಾಕಿದ ನಾಯಿ ಥರ ತಿರುಗಿ ಬರುತ್ತದೋ ಎಂಬುದು ನಿಂತಿದೆ.

ಪಾರ್ಲರ್ ಅಂದ ಕೂಡಲೇ ನಮ್ಮ ಕಡೆ ಮನೆಯವರ ಮುಖ ಸಣ್ಣದಾಗುತ್ತದೆ. ಸಿಗರೇಟು, ಬೆಟ್ಟಿಂಗ್, ಕ್ಲಾಸ್ ಬಂಕ್ ಎಲ್ಲ ನೆನಪಾಗುತ್ತದೆ. ಪೂರ್ತಿ ಸುಳ್ಳು ಅಂತ ನಾನೂ ಹೇಳುವುದಿಲ್ಲ. ಆದರೆ ಇದು ಎಲ್ಲಿಂದಲೋ ಬಂದ ಆಟವಲ್ಲ ಎಂದಾದರೂ ಗೊತ್ತಿರಲಿ. 1875ರಲ್ಲಿ ಜಬಲ್‌ಪುರದಲ್ಲಿ ಮಳೆಗಾಲ ಕಳೆಯಲಾರದ ಬ್ರಿಟಿಷ್ ಸೇನಾಧಿಕಾರಿಗಳು ಬಿಲಿಯರ್ಡ್ಸ್ ಟೇಬಲ್ ಮೇಲೆ ಬಣ್ಣದ ಚೆಂಡು ಸೇರಿಸಿ ಕಟ್ಟಿದ ಆಟ ಇದು. ಕಟ್ಟಿದವರಲ್ಲಿ ಮುಖ್ಯ ಹೆಸರು ನೆವಿಲ್ ಚೇಂಬರ್ಲಿನ್ ಎಂಬ ಅಧಿಕಾರಿಯದು (ಮುಂದೆ ಪ್ರಧಾನಿಯಾದವರು ಬೇರೆ). ನಿಯಮಗಳನ್ನು ಬರೆದು ಗೋಡೆಗೆ ಹಾಕಿದ್ದು ಊಟಿ ಕ್ಲಬ್ಬಿನಲ್ಲಿ. ಸೇನಾ ಅಕಾಡೆಮಿಯಲ್ಲಿ ಹೊಸದಾಗಿ ಸೇರಿದ ಹುಡುಗರಿಗೆ ಸೀನಿಯರ್‌ಗಳು ಇಟ್ಟ ಅಡ್ಡಹೆಸರು ‘ಸ್ನೂಕರ್’ ಅಂತೆ. ಅಂದರೆ ನಾವೆಲ್ಲ ಫಸ್ಟ್ ಇಯರ್‌ನಲ್ಲಿ ಸ್ನೂಕರ್‌ಗಳೇ.

ಹುಟ್ಟಿದ್ದು ಇಲ್ಲಿ, ದುಡ್ಡಾದದ್ದು ಇಂಗ್ಲೆಂಡಿನಲ್ಲಿ. 1969ರಲ್ಲಿ ಬಿಬಿಸಿ ತನ್ನ ಹೊಸ ಕಲರ್ ಟಿವಿಯನ್ನು ತೋರಿಸಿಕೊಳ್ಳಲು ‘ಪಾಟ್ ಬ್ಲ್ಯಾಕ್’ ಎಂಬ ಕಾರ್ಯಕ್ರಮ ಶುರು ಮಾಡಿತು. ಬಣ್ಣ ಬಣ್ಣದ ಚೆಂಡು ಉರುಳುವ ಸ್ನೂಕರ್ ಅದಕ್ಕೆ ಹೇಳಿ ಮಾಡಿಸಿದ ಆಟ. ಮೂರು ಚೆಂಡಿನ ಬಿಲಿಯರ್ಡ್ಸ್ ಹಿಂದೆ ಬಿತ್ತು. ನಮ್ಮಲ್ಲಿ ಮಾತ್ರ ಬಿಲಿಯರ್ಡ್ಸ್ ಗಟ್ಟಿಯಾಗಿಯೇ ಉಳಿಯಿತು. 1958ರಲ್ಲಿ ವಿಲ್ಸನ್ ಜೋನ್ಸ್ ಅಮೆಚೂರ್ ಬಿಲಿಯರ್ಡ್ಸ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಯಾವುದೇ ಆಟದಲ್ಲಿ ಭಾರತಕ್ಕೆ ಅಂಥ ಪಟ್ಟ ತಂದ ಮೊದಲಿಗರು ಅವರು. ಆಮೇಲೆ ಮೈಕೆಲ್ ಫೆರೇರಾ, ಗೀತ್ ಸೇಥಿ. ಆ ಸಾಲಿನಲ್ಲಿ ಬಂದವರು ಅಡ್ವಾಣಿ.

ಅವರು ಹುಟ್ಟಿದ್ದು 1985ರಲ್ಲಿ, ಪುಣೆಯಲ್ಲಿ. ಚಿಕ್ಕಂದಿನ ಕೆಲ ವರ್ಷ ಕುವೈತ್. ಕೊಲ್ಲಿ ಯುದ್ಧದ ಹೊತ್ತಿಗೆ ಕುಟುಂಬ ಬೆಂಗಳೂರಿಗೆ ಬಂತು. ತಂದೆ ಬೇಗ ತೀರಿಕೊಂಡರು. ಅಣ್ಣ ಶ್ರೀ ಅಡ್ವಾಣಿ ಹಿಂದೆ ಹೋಗಿ ಸ್ನೂಕರ್ ಟೇಬಲ್ ನೋಡಿದ ಹುಡುಗ, ಮಾಜಿ ರಾಷ್ಟ್ರೀಯ ಚಾಂಪಿಯನ್ ಅರವಿಂದ್ ಸವೂರ್ ಅವರ ಕೈಯಲ್ಲಿ ಆಟ ಕಲಿತ. 2003ರಲ್ಲಿ ಚೀನಾದಲ್ಲಿ ಅಮೆಚೂರ್ ಸ್ನೂಕರ್ ವಿಶ್ವ ಚಾಂಪಿಯನ್ ಆದಾಗ ವಯಸ್ಸು ಹದಿನೆಂಟು. 2005ರಲ್ಲಿ ಮಾಲ್ಟಾದಲ್ಲಿ ಬಿಲಿಯರ್ಡ್ಸ್‌ನ ಎರಡೂ ಮಾದರಿಯಲ್ಲಿ, ಅಂದರೆ ಅಂಕದ ಲೆಕ್ಕದ್ದು ಮತ್ತು ಸಮಯದ ಲೆಕ್ಕದ್ದು ಎರಡನ್ನೂ, ಒಂದೇ ಕೂಟದಲ್ಲಿ ಗೆದ್ದರು. 2008ರಲ್ಲಿ ಬೆಂಗಳೂರಿನಲ್ಲೇ ಅದನ್ನು ಮತ್ತೆ ಮಾಡಿದರು. 2009ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಬಿಲಿಯರ್ಡ್ಸ್ ದಿಗ್ಗಜ ಮೈಕ್ ರಸೆಲ್ ಅವರನ್ನು ಫೈನಲ್‌ನಲ್ಲಿ ಸೋಲಿಸಿ ಪ್ರೊಫೆಷನಲ್ ಪಟ್ಟವನ್ನೂ ತಂದರು. ಅರ್ಜುನ, ಖೇಲ್ ರತ್ನ, ಪದ್ಮಶ್ರೀ ಎಲ್ಲ ಬಂದವು. 2006ರ ದೋಹಾ, 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್ ಎರಡರಲ್ಲೂ ಬಿಲಿಯರ್ಡ್ಸ್ ಚಿನ್ನ. ಅಷ್ಟರಲ್ಲಿ ಕ್ಯೂ ಆಟಗಳನ್ನೇ ಏಷ್ಯನ್ ಗೇಮ್ಸ್‌ನಿಂದ ಕೈಬಿಟ್ಟರು. ನಂತರದ ಮೂರು ಕೂಟಗಳು ಅವು ಇಲ್ಲದೆಯೇ ನಡೆದವು.

ಇಷ್ಟೆಲ್ಲ ಇದ್ದವರಿಗೂ ಒಂದು ಮಾತು ಬೆನ್ನು ಬಿಟ್ಟಿರಲಿಲ್ಲ. ‘ಪ್ರೊ ಟೂರ್‌ನಲ್ಲಿ ಆಡಿ ನೋಡಲಿ.’ ನಮ್ಮಲ್ಲಿ ‘ಇಲ್ಲೆಲ್ಲ ಎಂತ, ಬೆಂಗಳೂರಿಗೆ ಹೋಗಿ ತೋರಿಸು’ ಅಂತಾರಲ್ಲ, ಅದೇ ರಾಗ. ಬೆಂಗಳೂರಿನವರಿಗೆ ಅದು ‘ಇಂಗ್ಲೆಂಡಿಗೆ ಹೋಗಿ ತೋರಿಸು’ ಎಂದಾಗುತ್ತದೆ ಅಷ್ಟೇ. ಮಾತಿನಲ್ಲಿ ನ್ಯಾಯವೂ ಇತ್ತು. ಸ್ನೂಕರಿನ ಮೇಲಿನ ಅಟ್ಟ ಅದೇ ಟೂರ್. ಅಲ್ಲಿ ಆಡುವವರು ಬೇರೆ ಏನನ್ನೂ ಮಾಡದೆ ದಿನಕ್ಕೆ ಆರೇಳು ಗಂಟೆ ಟೇಬಲ್ಲಿಗೆ ಕೊಟ್ಟವರು.

2012ರಲ್ಲಿ ಅವರು ಹೋದರು. ಆ ಬದುಕು ಹೇಗಿರುತ್ತದೆ ಎಂಬುದನ್ನು ಟಿವಿ ತೋರಿಸುವುದಿಲ್ಲ. ದೊಡ್ಡ ಸಭಾಂಗಣ, ಬೋ ಟೈ, ಚಪ್ಪಾಳೆ ಎಲ್ಲ ಮುಖ್ಯ ಸುತ್ತಿಗೆ ಬಂದ ಮೇಲೆ. ಅದಕ್ಕೂ ಮೊದಲು ಅರ್ಹತಾ ಸುತ್ತುಗಳು. ಬಹುತೇಕ ಇಂಗ್ಲೆಂಡಿನಲ್ಲೇ, ನೋಡಲು ಬೆರಳೆಣಿಕೆಯ ಜನ. ಹೊಸಬರು ಶುರುವಿನ ಸುತ್ತಿನಲ್ಲಿ ಸೋತರೆ ಬಹುತೇಕ ಟೂರ್ನಿಗಳಲ್ಲಿ ಕೈಗೆ ಕಾಸಿಲ್ಲ. ಪ್ರಯಾಣ, ವಸತಿ ಎಲ್ಲ ಸ್ವಂತ ಖರ್ಚು. ಷೆಫೀಲ್ಡ್‌ನಲ್ಲಿ ಮನೆ ಇರುವ ಆಟಗಾರ ಸೋತ ರಾತ್ರಿ ಅಮ್ಮನ ಕೈಯಡುಗೆ ಉಣ್ಣುತ್ತಾನೆ. ಭಾರತದಿಂದ ಹೋದವನಿಗೆ ಮುಂದಿನ ಅರ್ಹತಾ ಸುತ್ತಿನವರೆಗೆ ಬಾಡಿಗೆ ಕೋಣೆ. ಸಮಾನ ಸ್ಪರ್ಧೆ ಎಂದು ನಾವು ಕರೆಯುವ ಎಷ್ಟೋ ಕಡೆ ಒಬ್ಬರಿಗೆ ಬಾಡಿಗೆ ಇರುತ್ತದೆ, ಇನ್ನೊಬ್ಬರಿಗೆ ಇರುವುದಿಲ್ಲ. ಪಿಜಿಯಲ್ಲಿದ್ದು ಸ್ವಂತ ಮನೆಯಿಂದ ಬರುವ ಸಹಪಾಠಿ ಜೊತೆ ಸೆಮಿಸ್ಟರ್ ಓಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ.

ಹೋದ ಮೊದಲ ಸೀಸನ್ನಿನಲ್ಲೇ, 2013ರ ವೆಲ್ಷ್ ಓಪನ್‌ನಲ್ಲಿ, ಅಡ್ವಾಣಿ ಕ್ವಾರ್ಟರ್ ಫೈನಲ್ ತಲುಪಿದರು. ರ‍್ಯಾಂಕಿಂಗ್ ಟೂರ್ನಿಯೊಂದರಲ್ಲಿ ಅಷ್ಟು ದೂರ ಹೋದ ಮೊದಲ ಭಾರತೀಯ. ಅದೇ ವರ್ಷ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ನಡೆದ ಇಂಡಿಯನ್ ಓಪನ್‌ನಲ್ಲೂ ಕ್ವಾರ್ಟರ್ ಫೈನಲ್. ಅಲ್ಲಿ ಅವರನ್ನು ಸೋಲಿಸಿದ್ದು ಮುಂಬೈಯ ಆದಿತ್ಯ ಮೆಹ್ತಾ. ಮೆಹ್ತಾ ಫೈನಲ್‌ವರೆಗೂ ಹೋಗಿ ಚೀನಾದ ಡಿಂಗ್ ಜುನ್‌ಹುಯಿ ಎದುರು 5–0ಯಲ್ಲಿ ಸೋತರು. ಇದರ ನಡುವೆ, 2012ರಲ್ಲಿ, ಅಡ್ವಾಣಿ ಲೀಡ್ಸ್‌ನಲ್ಲಿ ಮತ್ತೆ ಮೈಕ್ ರಸೆಲ್ ಅವರನ್ನೇ ಸೋಲಿಸಿ ಬಿಲಿಯರ್ಡ್ಸ್ ವಿಶ್ವ ಪಟ್ಟವನ್ನೂ ಗೆದ್ದಿದ್ದರು. ಅಂದರೆ ನಡೆಯಲಿಲ್ಲ ಎಂಬ ಮಾತು ಸರಿಯಲ್ಲ. ಮೇಲಿನ ಹದಿನಾರರೊಳಗೆ ಹೋಗಲಿಲ್ಲ, ನಿಜ. ಎರಡು ವರ್ಷಕ್ಕೆ ಅಲ್ಲಿಗೆ ಹೋದವರು ತೀರ ಅಪರೂಪ.

2014ರಲ್ಲಿ ಟೂರ್ ಬಿಟ್ಟರು. ಭಾರತದಲ್ಲಿ, ಮನೆಯಲ್ಲಿ ಹೆಚ್ಚು ಸಮಯ ಇರಬೇಕು, ಬಿಲಿಯರ್ಡ್ಸ್ ಮತ್ತು ಸ್ನೂಕರ್ ಎರಡನ್ನೂ ಆಡಬೇಕು ಎಂಬುದು ಕಾರಣ. ಟೂರ್‌ನಲ್ಲಿದ್ದರೆ ಬಿಲಿಯರ್ಡ್ಸ್‌ಗೆ ಕೈ ಉಳಿಯುವುದಿಲ್ಲ. ಒಂದರಲ್ಲಿ ಚೆಂಡನ್ನು ಜೋರಾಗಿ ಪಾಕೆಟ್‌ಗೆ ಕಳಿಸುವ ಅಭ್ಯಾಸ, ಇನ್ನೊಂದರಲ್ಲಿ ಮೂರು ಚೆಂಡನ್ನು ಹತ್ತಿರ ಹತ್ತಿರ ಇಟ್ಟುಕೊಂಡು ಗುಬ್ಬಚ್ಚಿ ಮುಟ್ಟಿದ ಹಾಗೆ ಮುಟ್ಟುವ ಅಭ್ಯಾಸ. ಎರಡನ್ನೂ ಇಟ್ಟುಕೊಳ್ಳುವವರಿಗೆ ಟೂರ್‌ನಲ್ಲಿ ಜಾಗ ಇಲ್ಲ, ಅವರ ಕ್ಯಾಲೆಂಡರ್‌ನಲ್ಲಿ ಬಿಡುವೇ ಇಲ್ಲ. ಬಿಟ್ಟ ವರ್ಷವೇ ಲೀಡ್ಸ್‌ನಲ್ಲಿ ಬಿಲಿಯರ್ಡ್ಸ್‌ನ ಎರಡೂ ಮಾದರಿಯ ವಿಶ್ವ ಪಟ್ಟಗಳನ್ನು ಗೆದ್ದರು. 2015ರಲ್ಲಿ ಈಜಿಪ್ಟಿನ ಹುರ್ಗಾದಾದಲ್ಲಿ, 2017ರಲ್ಲಿ ದೋಹಾದಲ್ಲಿ ಐಬಿಎಸ್‌ಎಫ್ ಸ್ನೂಕರ್ ಪಟ್ಟವನ್ನೂ ಗೆದ್ದರು. ಟೂರ್ ಬಿಟ್ಟ ಮಾತ್ರಕ್ಕೆ ಸ್ನೂಕರ್ ಬಿಟ್ಟಿರಲಿಲ್ಲ.

ಇಲ್ಲಿ ಒಂದು ತಕರಾರು ಏಳುತ್ತದೆ, ಅದನ್ನು ದಾಟಿ ಹೋಗುವುದು ಸರಿಯಲ್ಲ. ನನ್ನ ರೂಮ್‌ಮೇಟ್ ಹೇಳುವುದು ಹೀಗೆ: ‘28 ಅಂತ ಕುಣಿತೀರಲ್ಲ, ಅದರಲ್ಲಿ ಬಿಲಿಯರ್ಡ್ಸ್ ಎಷ್ಟು? ಬಿಲಿಯರ್ಡ್ಸ್ ಆಡುವ ದೇಶ ಎಷ್ಟು? ಆರು ಕೆಂಪಿನ ಸ್ನೂಕರ್ ಬೇರೆ, ಟೀಮ್ ಬೇರೆ. ಐಬಿಎಸ್‌ಎಫ್ ಕೂಟಕ್ಕೆ ಟೂರ್‌ನ ಘಟಾನುಘಟಿಗಳು ಬರೋದೇ ಇಲ್ಲ.’ ಅವನು ಹೇಳುವುದರಲ್ಲಿ ಒಂದೂ ಸುಳ್ಳಲ್ಲ. ಪತ್ರಿಕೆಗಳಲ್ಲಿ, ಸನ್ಮಾನದ ಬ್ಯಾನರ್‌ಗಳಲ್ಲಿ ಬರೀ ಸಂಖ್ಯೆ ಹಾಕಿ, ಯಾವ ಆಟ, ಯಾವ ಮಾದರಿ, ಯಾರೆದುರು ಎಂಬುದನ್ನು ಬಿಡುವುದು ಆಟಗಾರನಿಗೆ ಮಾಡುವ ಉಪಕಾರವೂ ಅಲ್ಲ. ಹಾಗೆ ಉಬ್ಬಿಸಿದ್ದನ್ನು ಯಾರೋ ಒಬ್ಬ ಸೂಜಿ ಚುಚ್ಚಿದ ಕೂಡಲೇ ಪೂರ್ತಿ ಗಾಳಿ ಹೋಗಿಬಿಡುತ್ತದೆ. ಉಬ್ಬಿಸದೇ ಹೇಳಿದರೂ ವಿಷಯ ಸಣ್ಣದೇನಲ್ಲ. ಎರಡು ಬೇರೆ ಆಟ, ಇಪ್ಪತ್ತೊಂದು ವರ್ಷದ ಅಂತರದಲ್ಲಿ ಮೊದಲ ಪಟ್ಟ ಮತ್ತು 28ನೆಯದು. ಬಿಲಿಯರ್ಡ್ಸ್ ಕಡಿಮೆ ದೇಶದವರು ಆಡುವ ಆಟ ಹೌದು, ಆದರೆ ಅದನ್ನು ಗಂಭೀರವಾಗಿ ಆಡುವ ಇಂಗ್ಲೆಂಡಿನವರನ್ನು ಇಂಗ್ಲೆಂಡಿನಲ್ಲೇ ಗೆದ್ದಿದ್ದಾರೆ. ಕಂಬಳವನ್ನು ಎಷ್ಟು ಜಿಲ್ಲೆಯವರು ಓಡಿಸುತ್ತಾರೆ ಎಂದು ಎಣಿಸಿ ಕೋಣದ ವೇಗ ಕಡಿಮೆ ಅನ್ನಲು ಬರುತ್ತದಾ?

ನನ್ನ ರೂಮ್‌ಮೇಟ್‌ಗೆ ಇಷ್ಟವಾದ ಆಟಗಾರ ಇಂಗ್ಲೆಂಡಿನ ಸ್ಟೀವ್ ಡೇವಿಸ್. ಅವರ ಕಥೆಯನ್ನೂ ಇದರ ಪಕ್ಕ ಇಡಬೇಕು. ಲಂಡನ್ನಿನ ಹುಡುಗ, ಅಪ್ಪ ಬಿಲ್ ಕೈ ಹಿಡಿದು ಕಲಿಸಿದ ಆಟ, 1978ರಲ್ಲಿ ಪ್ರೊಫೆಷನಲ್. 1981ರಿಂದ 1989ರ ನಡುವೆ ಆರು ಸಲ ವಿಶ್ವ ಚಾಂಪಿಯನ್. ಜನ ಹೆಚ್ಚು ನೆನಪಿಟ್ಟದ್ದು ಗೆದ್ದ ಆರನ್ನಲ್ಲ, ಸೋತ ಒಂದನ್ನು. 1985ರ ಫೈನಲ್‌ನಲ್ಲಿ ಡೆನಿಸ್ ಟೇಲರ್ ಎದುರು 17–17 ಸಮ. ಕೊನೆಯ ಫ್ರೇಮ್, ಕೊನೆಯ ಕಪ್ಪು ಚೆಂಡು. ಅದನ್ನು ಹಾಕಿದವರಿಗೆ ಪಟ್ಟ. ನಡುರಾತ್ರಿ ದಾಟಿದ ಮೇಲೂ ಬ್ರಿಟನ್ನಿನಲ್ಲಿ 1 ಕೋಟಿ 85 ಲಕ್ಷ ಜನ ಟಿವಿ ಮುಂದೆ ಇದ್ದರು. ಡೇವಿಸ್ ತಪ್ಪಿಸಿದರು, ಟೇಲರ್ ಹಾಕಿದರು.

1989ರ ನಂತರ ಡೇವಿಸ್ ವಿಶ್ವ ಚಾಂಪಿಯನ್ ಆಗಲಿಲ್ಲ. ಆದರೆ ಬಿಡಲಿಲ್ಲ. ಒಂದು ಕಾಲದ ರಾಜ, ವಯಸ್ಸು ಐವತ್ತು ದಾಟಿದ ಮೇಲೂ ಹುಡುಗರ ಜೊತೆ ಅರ್ಹತಾ ಸುತ್ತಿನ ಸಾಲಿನಲ್ಲಿ ನಿಂತರು. ‘ಇನ್ನೂ ಯಾಕೆ? ಮರ್ಯಾದೆಯಿಂದ ಬಿಡಬಾರದಾ?’ ಎಂಬ ಮಾತು ಬರದೆ ಇರಲಿಲ್ಲ. 2010ರಲ್ಲಿ, 52ರ ವಯಸ್ಸಿನಲ್ಲಿ, ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಹಾಲಿ ಚಾಂಪಿಯನ್ ಜಾನ್ ಹಿಗ್ಗಿನ್ಸ್ ಅವರನ್ನು ಸೋಲಿಸಿ ಕ್ವಾರ್ಟರ್ ಫೈನಲ್‌ಗೆ ಹೋದಾಗ ಅಂಥವರ ಬಾಯಿ ಸ್ವಲ್ಪ ದಿನ ಮುಚ್ಚಿತ್ತು. 2016ರಲ್ಲಿ ಅಪ್ಪ ತೀರಿಕೊಂಡರು. ಆ ವರ್ಷದ ಅರ್ಹತಾ ಸುತ್ತನ್ನು ಅಪ್ಪನಿಗಾಗಿ ಆಡಿದರು, ಸೋತರು, ಅಲ್ಲಿಗೆ ಸಾಕು ಎಂದರು. 38 ವರ್ಷ. ಆಮೇಲೆ ಗೆಳೆಯರ ಜೊತೆ ಬ್ಯಾಂಡ್ ಕಟ್ಟಿ ಸಿಂಥಸೈಸರ್ ಹಿಡಿದು ಕೂತರು. ನಂಬಿ, ಅದೂ ಚೆನ್ನಾಗಿಯೇ ನಡೆಯುತ್ತಿದೆ.

ಒಬ್ಬರು 38 ವರ್ಷ ಇದ್ದರು, ಅವರಿಗೆ ‘ಯಾಕೆ ಹೋಗಲಿಲ್ಲ’ ಎಂದು ಕೇಳಿದರು. ಇನ್ನೊಬ್ಬರು ಎರಡು ವರ್ಷ ಇದ್ದರು, ಅವರಿಗೆ ‘ಯಾಕೆ ಹೋದಿರಿ’ ಎಂದು ಕೇಳಿದರು. ಡೇವಿಸ್‌ಗೆ ಸೋಲುತ್ತಲಾದರೂ ಆಡುವುದು ಇಷ್ಟ ಇತ್ತು, ಆಡಿದರು. ಅಡ್ವಾಣಿಗೆ ಎರಡು ಆಟ ಮತ್ತು ಮನೆ ಬೇಕಿತ್ತು, ಬಂದರು. ನೋಡುವ ನಮಗೆ ಮಾತ್ರ ಇಬ್ಬರ ಸಮಯವೂ ತಪ್ಪಾಗಿ ಕಂಡಿತು!

ಇದನ್ನೆಲ್ಲ ಮಂಡಗದ್ದೆಯಲ್ಲಿ ಕೂತು ಯಾಕೆ ಬರೆಯುತ್ತಿದ್ದೇನೆಂದರೆ, ನಮ್ಮಲ್ಲಿ ‘ವಾಪಸ್ ಬಂದ’ ಎನ್ನುವ ಮಾತಿಗೆ ಒಂದೇ ಅರ್ಥ ಉಳಿದಿದೆ. ನಮ್ಮ ಪಕ್ಕದ ಊರಿನ ಅಣ್ಣ ಒಬ್ಬರು ಬೆಂಗಳೂರಿನಲ್ಲಿ ಆರು ವರ್ಷ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು ಎರಡು ವರ್ಷದ ಹಿಂದೆ ತೋಟಕ್ಕೆ ಬಂದರು. ಬಂದ ವಾರದಲ್ಲೇ ಶುರುವಾಯಿತು. ಸೊಸೈಟಿಯಲ್ಲಿ ‘ಕೆಲಸ ಹೋಯ್ತಂತೆ’, ಮದುವೆ ಮನೆಯಲ್ಲಿ ‘ಹುಷಾರಿಲ್ವಂತೆ’, ಬಸ್ಸಿನಲ್ಲಿ ‘ಏನೋ ಗಲಾಟೆ ಮಾಡ್ಕೊಂಡನಂತೆ’. ಅವರನ್ನೇ ಕೇಳಿದವರು ಕಡಿಮೆ. ನಾನು ಕೇಳಿದೆ. ‘ಎಂತ ಇಲ್ಲ ಮಾರಾಯ, ಆರು ವರ್ಷ ಮಾಡಿದೆ, ಸಾಕು ಅನ್ನಿಸ್ತು. ಅಪ್ಪಯ್ಯಂಗೆ ಮರ ಹತ್ತಿಸೋ ಜನ ಹುಡುಕಿ ಹುಡುಕಿ ಸೋತಿತ್ತು’ ಅಂದರು. ಅಷ್ಟೇ ಇದ್ದದ್ದು. ಆದರೆ ಅಷ್ಟೇ ಎಂದರೆ ಯಾರೂ ನಂಬುವುದಿಲ್ಲ.

ಮಳೆಗಾಲ ಹಿಡಿದ ಹಾಗೆ ನಮ್ಮ ನಡುಗಡ್ಡೆಗೆ ಬೆಳ್ಳಕ್ಕಿ, ನೀರುಕಾಗೆಗಳು ಬಂದು ಗೂಡು ಕಟ್ಟುತ್ತವೆ. ಮರಿಗಳು ಹಾರಲು ಕಲಿತ ಮೇಲೆ ಹೊರಟುಬಿಡುತ್ತವೆ, ಯಾರೂ ಅವುಗಳ ಬಗ್ಗೆ ಸೊಸೈಟಿಯಲ್ಲಿ ಮಾತಾಡುವುದಿಲ್ಲ. ಹೋಲಿಕೆ ಚೆನ್ನಾಗಿದೆ ಎಂದು ನಾನೇ ಖುಷಿಪಟ್ಟಿದ್ದೆ. ನನ್ನ ತಂಗಿ ‘ಹಕ್ಕಿಗೆ ಇಎಂಐ ಇಲ್ಲ’ ಅಂದಳು.

ಅವಳು ಹೇಳಿದ್ದು ಸರಿ, ಈ ಲೇಖನದಲ್ಲಿ ಅದಕ್ಕೂ ಜಾಗ ಕೊಡಬೇಕು. ವಾಪಸ್ ಬರಲು ಇಳಿಯುವ ನೆಲ ಬೇಕು. ಅಡ್ವಾಣಿಗೆ ಅದಿತ್ತು. ಒಎನ್‌ಜಿಸಿಯಲ್ಲಿ ಕ್ರೀಡಾ ಕೋಟಾದ ನೌಕರಿ, ಬೆಂಗಳೂರಿನಲ್ಲಿ ಮನೆ, ಅಭ್ಯಾಸಕ್ಕೆ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಟೇಬಲ್‌ಗಳು, ಸವೂರ್ ಅವರಂಥ ಗುರು, ಕ್ರೀಡಾ ಮನಃಶಾಸ್ತ್ರಜ್ಞನಾದ ಅಣ್ಣ. ಅವರು ಧೈರ್ಯ ಮಾಡಿದರು ನಿಜ, ಆ ಧೈರ್ಯದ ಕೆಳಗೆ ಪ್ರತಿ ತಿಂಗಳು ಬರುವ ಸಂಬಳವೂ ಇತ್ತು. ಇದನ್ನು ಹೇಳಿದರೆ ಅವರ ತೀರ್ಮಾನ ಸಣ್ಣದಾಗುತ್ತದೆ ಎಂದು ನನಗನಿಸುವುದಿಲ್ಲ. ಸಾರ್ವಜನಿಕ ವಲಯದ ಸಂಸ್ಥೆಗಳು ಆಟಗಾರರಿಗೆ ಕೊಡುವ ನೌಕರಿಯಿಂದ ಏನು ಉಪಯೋಗ ಎಂದು ಮೂಗು ಮುರಿಯುವವರಿಗೆ ಇದು ಉತ್ತರ. ಒಬ್ಬ ಆಟಗಾರ ಎಲ್ಲಿ ಆಡಬೇಕು, ಯಾವುದನ್ನು ಆಡಬೇಕು ಎಂಬುದನ್ನು ಬಾಡಿಗೆಯ ಭಯವಿಲ್ಲದೆ ತೀರ್ಮಾನಿಸಲು ಸಾಧ್ಯವಾಯಿತು.

ನಮ್ಮ ಕಡೆ ಆ ನೆಲ ಈಗ ಕುಸಿಯುತ್ತಿದೆ. ಅಡಿಕೆಗೆ ಕೊಳೆ ರೋಗ ಹಳೆಯ ಶತ್ರು. ಅದಕ್ಕೆ ಬೋರ್ಡೋ ಹೊಡೆದು, ಕೊಟ್ಟೆ ಕಟ್ಟಿ ಹೇಗೋ ಗೆಲ್ಲುತ್ತಿದ್ದರು. ಈಗ ಎಲೆಚುಕ್ಕೆ ಬಂದಿದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಬರುವ ದಿನ ಹೇಳಲಾಗದು, ನೆಟ್‌ವರ್ಕ್ ಗುಡ್ಡ ಹತ್ತಿದರೆ ಉಂಟು. ತೋಟ ಇದ್ದರೂ ಊರಲ್ಲಿರುವ ಹುಡುಗನಿಗೆ ಹೆಣ್ಣು ಕೊಡುವವರಿಲ್ಲ. ತೋಟವೇ ಇಲ್ಲದ ನನ್ನ ಎಷ್ಟೋ ಗೆಳೆಯರಿಗೆ ‘ವಾಪಸ್’ ಎಂಬ ಆಯ್ಕೆಯೇ ಇಲ್ಲ. ಹಾಗಾಗಿ ಎಲ್ಲರೂ ಊರಿಗೆ ಬನ್ನಿ, ಮಣ್ಣು ಕರೆಯುತ್ತಿದೆ ಎಂದು ಬರೆಯುವ ಪೈಕಿ ನಾನಲ್ಲ. ಅಂಥ ಲೇಖನ ಬರೆದವರಲ್ಲಿ ಹೆಚ್ಚಿನವರು ಬೆಂಗಳೂರಿನಲ್ಲೇ ಇದ್ದಾರೆ.

ನಾನು ಕೇಳುತ್ತಿರುವುದು ಇದಕ್ಕಿಂತ ಸಣ್ಣದು. ಹೋಗುವವನಿಗೆ ಎಷ್ಟು ದಿನ ಇರುತ್ತೇನೆ ಎಂದು ತಾನೇ ಹೇಳುವ ಅವಕಾಶ ಇರಲಿ. ಎರಡು ವರ್ಷ ಆಡಿ ಬರುತ್ತೇನೆ ಎಂದರೆ ಅದು ಪೂರ್ತಿ ವಾಕ್ಯ, ಅದಕ್ಕೆ ‘ಆದರೆ’ ಸೇರಿಸುವುದು ಬೇಡ. ಟೂರ್‌ಗೆ ಹೋಗಿದ್ದರಿಂದ ಅಡ್ವಾಣಿಗೆ ನಷ್ಟವಾಗಲಿಲ್ಲ. ಅಲ್ಲಿನ ಆಟ ನೋಡಿದ್ದರು, ಅಲ್ಲಿನವರನ್ನು ಎದುರಿಸಿದ್ದರು, ಬೆಲೆ ಎಷ್ಟು ಎಂದು ತಿಳಿದುಕೊಂಡಿದ್ದರು. ಹೋಗದೇ ಇದ್ದಿದ್ದರೆ ‘ಆಡಿ ನೋಡಲಿ’ ಎಂಬ ಮಾತು ಇವತ್ತಿಗೂ ಬೆನ್ನ ಹಿಂದೆ ಇರುತ್ತಿತ್ತು. ಬಹುಶಃ ಅವರ ಒಳಗೂ. ಹೋಗಿ ಬಂದವರು ಮತ್ತು ಹೋಗದೇ ಉಳಿದವರು ಒಂದೇ ಊರಲ್ಲಿದ್ದರೂ ಒಂದೇ ಜಾಗದಲ್ಲಿರುವುದಿಲ್ಲ. ನಮ್ಮ ಸಾಫ್ಟ್‌ವೇರ್ ಅಣ್ಣ ತೋಟಕ್ಕೆ ನೀರು ಬಿಡುವ ಮೋಟರನ್ನು ಫೋನಿನಿಂದ ಆನ್ ಮಾಡುವ ಹಾಗೆ ಮಾಡಿಕೊಂಡಿದ್ದಾರೆ. ನೆಟ್‌ವರ್ಕ್ ಇದ್ದ ದಿನ ಅದು ಕೆಲಸ ಮಾಡುತ್ತದೆ.

ಇನ್ನೊಂದು ವಿಷಯ ಸೇರಿಸಬೇಕು. ಬೆಂಗಳೂರಿನ ಚಿತ್ರಾ ಮಗಿಮೈರಾಜ್ ಮೊದಲು ಹಾಕಿ ಆಡುತ್ತಿದ್ದವರು. ಅದನ್ನು ಬಿಟ್ಟು ಕ್ಯೂ ಹಿಡಿದು 2006 ಮತ್ತು 2007ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಚಾಂಪಿಯನ್ ಆದರು. ಒಂದು ಮೈದಾನ ಬಿಡುವುದನ್ನು ಕಲಿಯದೆ ಇದ್ದಿದ್ದರೆ ಆ ಟೇಬಲ್ ಅವರಿಗೆ ಸಿಗುತ್ತಿರಲಿಲ್ಲ. ಇವರ ಹೆಸರು ನಮ್ಮ ಕ್ವಿಜ್‌ಗಳಲ್ಲಿ ಬಂದದ್ದನ್ನು ನಾನು ನೋಡಿಲ್ಲ.

ಕ್ಯಾಂಪಸ್‌ಗೆ ಕಂಪನಿಗಳು ಬರುವ ಕಾಲ ಹತ್ತಿರವಾಗುತ್ತಿದೆ. ನಾನೂ ಪರೀಕ್ಷೆ ಬರೆಯುತ್ತೇನೆ, ಸಿಕ್ಕರೆ ಹೋಗುತ್ತೇನೆ, ಅದರಲ್ಲಿ ಎರಡನೇ ಮಾತಿಲ್ಲ. ಅಮ್ಮ ಈಗಾಗಲೇ ಬೆಂಗಳೂರಿನಲ್ಲಿ ಚಿಕ್ಕಪ್ಪನ ಮನೆ ಹತ್ತಿರ ಪಿಜಿ ವಿಚಾರಿಸಿಯಾಗಿದೆ. ಇಂಟರ್‌ವ್ಯೂ ತರಬೇತಿಯಲ್ಲಿ ಒಂದು ಪ್ರಶ್ನೆಯನ್ನು ಪದೇ ಪದೇ ಅಭ್ಯಾಸ ಮಾಡಿಸುತ್ತಾರೆ: ‘ಐದು ವರ್ಷದ ನಂತರ ನಿಮ್ಮನ್ನು ಎಲ್ಲಿ ನೋಡಲು ಬಯಸುತ್ತೀರಿ?’ ಟೀಮ್ ಲೀಡ್, ಮ್ಯಾನೇಜರ್, ವಿದೇಶದ ಪ್ರಾಜೆಕ್ಟ್, ಹೀಗೆ ಏನಾದರೂ ಹೇಳಬೇಕಂತೆ. ಕಳೆದ ವಾರ ಅಭ್ಯಾಸದಲ್ಲಿ ನಾನು ‘ಮಂಡಗದ್ದೆಯಲ್ಲೂ ಇರಬಹುದು’ ಅಂದೆ. ಹಿಂದಿನ ಬೆಂಚಿನವರೆಲ್ಲ ನಕ್ಕರು. ತರಬೇತಿ ಕೊಡುತ್ತಿದ್ದ ಮೇಡಂ ನಗಲಿಲ್ಲ. ‘ಕಾರಣ ಸರಿಯಾಗಿ ಹೇಳೋಕೆ ಬಂದ್ರೆ ಹೇಳು’ ಅಂದರು. ಮುಂದಿನ ವಾರದೊಳಗೆ ಅದನ್ನು ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಮಾಡಿಕೊಂಡು ಹೋಗಬೇಕು.